ನಾಲ್ಕೂವರೆ ಸಾವಿರ ಲೀಟರ್ ನೀರು ಮತ್ತು ಒಂದು ಮೊಬೈಲ್ ಪರದೆ

ಮಾರ್ಚ್ ಕಾಲಿಟ್ಟರೆ ಮಂಡ್ಯ ಜಿಲ್ಲೆಯ ಸುದ್ದಿಗಳಲ್ಲಿ ಕಬ್ಬಿನ ಗದ್ದೆಗಳ ಬೆಂಕಿ ಶುರುವಾಗುತ್ತದೆ. ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ, ಒಣಗಿದ ತರಗು ಹತ್ತಿಕೊಳ್ಳುತ್ತದೆ, ವರ್ಷದ ಬೆಳೆ ಕಣ್ಣೆದುರೇ ಉರಿದುಹೋಗುತ್ತದೆ. ಮೈಸೂರಿನಲ್ಲಿ ಅದೇ ಹೊತ್ತಿಗೆ ಚಾಮುಂಡಿ ಬೆಟ್ಟದ ಒಣಹುಲ್ಲು ಹೊತ್ತಿಕೊಂಡು ಊರಿಗೆಲ್ಲ ಹೊಗೆ ಕಾಣುತ್ತದೆ. ಎರಡೂ ಕಡೆ ಯಾರೋ ಒಬ್ಬರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ. ಅರ್ಧ ನಿಮಿಷದ ಆ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಾಡಿ ಸುದ್ದಿತಾಣಗಳಿಗೆ ಬರುತ್ತದೆ. ಕೊನೆಯಲ್ಲಿ ಒಂದು ಸಾಲು: ‘ಅಗ್ನಿಶಾಮಕ ಸಿಬ್ಬಂದಿ ಸ್ಥಳಕ್ಕೆ ಧಾವಿಸಿ ಬೆಂಕಿ ನಂದಿಸಿದರು.’

ಈ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅವರು ಎಷ್ಟು ದೂರದಿಂದ ಬಂದರು, ಯಾವ ದಾರಿ ಹಿಡಿದರು, ವಾಹನದಲ್ಲಿ ಎಷ್ಟು ನೀರಿತ್ತು, ಏನನ್ನು ಉಳಿಸಲು ಏನನ್ನು ಬಿಟ್ಟುಕೊಟ್ಟರು, ಠಾಣೆಗೆ ಹಿಂತಿರುಗಿದ ಮೇಲೆ ಏನು ಮಾಡಿದರು ಎಂಬುದೊಂದೂ ಅದರಲ್ಲಿಲ್ಲ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಸ್ಫೋಟಕ ಮತ್ತು ಹತ್ತಿ ತುಂಬಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದಾಗ ಪ್ರಾಣ ಕಳೆದುಕೊಂಡ ಅಗ್ನಿಶಾಮಕರ ನೆನಪಿಗೆ ಮೀಸಲಾದ ವಾರವದು. ಆ ವಾರ ನಮ್ಮ ಪತ್ರಿಕೆಗಳಲ್ಲಿ ಬರುವುದು ಅಣಕು ಪ್ರದರ್ಶನದ ಚಿತ್ರಗಳು: ಶಾಲಾ ಮೈದಾನದಲ್ಲಿ ಚಿಮ್ಮುವ ನೀರು, ಚಪ್ಪಾಳೆ ತಟ್ಟುವ ಮಕ್ಕಳು. ವರ್ಷದ ಉಳಿದ ದಿನಗಳಲ್ಲಿ ಜ್ವಾಲೆ ಇದ್ದರೆ ಮಾತ್ರ ಇವರು ಸುದ್ದಿ.

ಡಿಜಿಟಲ್ ಪತ್ರಿಕೋದ್ಯಮ ಈ ಕೊರತೆಯನ್ನು ತುಂಬಬಲ್ಲದು ಎಂದು ನಾನು ನಂಬುತ್ತೇನೆ. ಓದುಗರು ಒತ್ತಿ, ಸರಿಸಿ, ಆಯ್ದುಕೊಂಡು, ಕೇಳಿಕೊಂಡು ಸಾಗುವ ವರದಿಗಳನ್ನು ಈಗ ಇಂಟರ್‌ಆ್ಯಕ್ಟಿವ್ ವರದಿಗಳೆನ್ನುತ್ತಾರೆ. ಆದರೆ ಇದೇ ತಂತ್ರವನ್ನು ಜ್ವಾಲೆಯನ್ನು ಇನ್ನಷ್ಟು ದೊಡ್ಡದಾಗಿ ತೋರಿಸುವುದಕ್ಕೂ ಬಳಸಬಹುದು, ಬಳಸುತ್ತಿದ್ದಾರೆ ಕೂಡ. ಹಾಗಾಗಿ ಇಂಥ ವರದಿ ಕಟ್ಟುವವರು ಮೊದಲಿಗೇ ಒಂದು ಕಟ್ಟುಪಾಡು ಹಾಕಿಕೊಳ್ಳಬೇಕೆಂಬುದು ನನ್ನ ವಾದ. ಓದುಗರ ಬೆರಳಿಗೆ ನಾವು ಕೊಡುವ ಪ್ರತಿಯೊಂದು ಕೆಲಸವೂ ಅಗ್ನಿಶಾಮಕರು ನಿಜವಾಗಿ ಮಾಡುವ ಒಂದು ನಿರ್ಧಾರಕ್ಕೋ ಅವರನ್ನು ಕಟ್ಟಿಹಾಕುವ ಒಂದು ಮಿತಿಗೋ ಹೊಂದಿಕೊಂಡಿರಬೇಕು. ಹಾಗೆ ಹೊಂದದಿದ್ದರೆ ಆ ಗುಂಡಿ, ಆ ಚಲನೆ ಬೇಡ. ನಾಲ್ಕು ಒಳ್ಳೆಯ ಪ್ಯಾರಾ ಬರೆದರೆ ಸಾಕು.

ಹೊರಗಿನ ಎರಡು ಉದಾಹರಣೆಗಳು ಇದನ್ನು ಸ್ಪಷ್ಟಪಡಿಸುತ್ತವೆ. 2013ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಕಾಳ್ಗಿಚ್ಚಿನಿಂದ ಪಾರಾಗಲು ಐವರು ಮೊಮ್ಮಕ್ಕಳೊಂದಿಗೆ ನೀರಿಗಿಳಿದು ದೋಣಿ ನಿಲ್ಲಿಸುವ ಅಟ್ಟಣೆಯ ಕೆಳಗೆ ನಿಂತ ಕುಟುಂಬವೊಂದರ ಕಥೆಯನ್ನು ವಿಡಿಯೊ, ಧ್ವನಿ, ಬರಹ ಬೆರೆಸಿ ಹೇಳಿತು. ಪರದೆ ತುಂಬುವ ದೃಶ್ಯಗಳು, ಕಿವಿ ತುಂಬುವ ಸದ್ದು ಅದರ ಬಲ. ಅದನ್ನು ನೋಡಿದವರು ಬೆಂಕಿಯ ಭಯವನ್ನು ಅನುಭವಿಸುತ್ತಾರೆ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಉರಿದ ಮೇಲೆ ‘ನ್ಯೂಯಾರ್ಕ್ ಟೈಮ್ಸ್’ ಮಾಡಿದ ವರದಿ ಬೇರೆ ಜಾತಿಯದು. ಕಟ್ಟಡದ ಮೂರು ಆಯಾಮದ ಮಾದರಿಯನ್ನು ಮುಂದಿಟ್ಟು, ಎಚ್ಚರಿಕೆಯ ಸಂಕೇತ ಬಂದಾಗ ಕಾವಲುಗಾರನನ್ನು ತಪ್ಪು ಅಟ್ಟಕ್ಕೆ ಕಳುಹಿಸಿದ್ದು, ಸುಮಾರು ಅರ್ಧ ಗಂಟೆ ಕೈತಪ್ಪಿದ್ದು, ಉತ್ತರದ ಗೋಪುರದ ಭಾರಿ ಗಂಟೆಗಳು ಬಿದ್ದರೆ ಇಡೀ ಕಟ್ಟಡ ಕುಸಿಯಬಹುದೆಂದು ಅರಿತೂ ಕೆಲವು ಅಗ್ನಿಶಾಮಕರು ಆ ಗೋಪುರದೊಳಗೆ ಏರಿದ್ದು ಎಲ್ಲವನ್ನೂ ಅದು ಹೆಜ್ಜೆಹೆಜ್ಜೆಯಾಗಿ ತೋರಿಸಿತು. ಅದನ್ನು ಓದಿದವರಿಗೆ ಒಂದು ಕೆಲಸ ಅರ್ಥವಾಗುತ್ತದೆ, ಆ ಕೆಲಸ ಮಾಡುವವರ ಮೇಲೆ ಗೌರವ ಹುಟ್ಟುತ್ತದೆ. ನಮಗೆ ಬೇಕಿರುವುದು ಈ ಎರಡನೆಯ ದಾರಿ.

ನೀರಿನ ಲೆಕ್ಕ

ಮಂಡ್ಯದ ಕಬ್ಬಿನ ಗದ್ದೆಯ ಬೆಂಕಿಯನ್ನೇ ತೆಗೆದುಕೊಳ್ಳೋಣ. ಸಾಮಾನ್ಯ ಜಲವಾಹನವೊಂದರ ಟ್ಯಾಂಕಿನಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. ಹೋಸ್ ಪೈಪಿನ ತುದಿಯಿಂದ ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷಕ್ಕೆ ಟ್ಯಾಂಕು ಬರಿದು. ಎರಡು ಪೈಪು ಹಿಡಿದರೆ ಐದು ನಿಮಿಷ. ಇಷ್ಟು ನೀರಿನಲ್ಲಿ ಎಕರೆಗಟ್ಟಲೆ ಉರಿಯುವ ಕಬ್ಬನ್ನು ಆರಿಸಲು ಸಾಧ್ಯವೇ ಇಲ್ಲ ಎಂಬುದು ಅಲ್ಲಿಗೆ ಹೋಗುವ ಪ್ರತಿಯೊಬ್ಬ ಸಿಬ್ಬಂದಿಗೂ ಗೊತ್ತು, ಗದ್ದೆಯ ಬದುವಿನ ಮೇಲೆ ನಿಂತು ಗೋಳಾಡುವ ರೈತನಿಗೆ ಗೊತ್ತಿರುವುದಿಲ್ಲ. ಸಿಬ್ಬಂದಿ ಗಾಳಿ ಬೀಸುವ ದಿಕ್ಕನ್ನು ನೋಡುತ್ತಾರೆ. ಪಕ್ಕದ ಗದ್ದೆಗೆ ದಾಟದಂತೆ ನಡುವಿನ ಪಟ್ಟಿಯನ್ನು ನೆನೆಸಬೇಕೋ, ಗಾಳಿಯ ಕೆಳಮುಖದಲ್ಲಿರುವ ಹುಲ್ಲಿನ ಮೆದೆ ಮತ್ತು ಕೊಟ್ಟಿಗೆಯನ್ನು ಕಾಯಬೇಕೋ, ಆಲೆಮನೆಯ ಮುಂದೆ ಒಣಗಲು ಹಾಕಿದ ರಚ್ಚಿನ (ಕಬ್ಬಿನ ಸಿಪ್ಪೆಯ) ರಾಶಿಗೆ ಕಿಡಿ ಹಾರದಂತೆ ನೋಡಿಕೊಳ್ಳಬೇಕೋ ಎಂದು ನಿಂತಲ್ಲೇ ತೀರ್ಮಾನಿಸುತ್ತಾರೆ. ಉರಿಯುತ್ತಿರುವ ಗದ್ದೆಯ ಯಜಮಾನನ ಕಣ್ಣಿಗೆ ಇದು ಹೇಗೆ ಕಂಡೀತು? ವಾಹನ ಬಂತು, ನನ್ನ ಬೆಳೆಗೆ ನೀರೇ ಹೊಡೆಯಲಿಲ್ಲ ಎಂದೇ. ಬೈಗುಳ ತಿನ್ನುವುದು ಈ ವೃತ್ತಿಯ ಭಾಗವಾಗಿಬಿಟ್ಟಿದೆ. ಅದಕ್ಕೆ ಕಾರಣ ಯಾರ ಕೆಟ್ಟತನವೂ ಅಲ್ಲ, 4,500 ಲೀಟರ್ ಎಂಬ ಅಂಕಿ.

ಈಗ ಪರದೆಯನ್ನು ಕಲ್ಪಿಸಿಕೊಳ್ಳಿ. ಮೇಲಿನಿಂದ ನೋಡಿದಂತೆ ಬಿಡಿಸಿದ ಗದ್ದೆಗಳ ಚಿತ್ರ, ಬೆಂಕಿ ಎಲ್ಲಿದೆ ಎಂಬ ಗುರುತು, ಗಾಳಿಯ ಬಾಣ, ಮೆದೆ, ಕೊಟ್ಟಿಗೆ, ಪಕ್ಕದವರ ಕಬ್ಬು. ಅಂಚಿನಲ್ಲಿ ನೀರಿನ ಮಟ್ಟ ತೋರಿಸುವ ಒಂದು ಪಟ್ಟಿ. ಮೊದಲು ಎಲ್ಲಿಗೆ ನೀರು ಎಂದು ಓದುಗರೇ ಬೆರಳಿಡಬೇಕು. ಬೆರಳಿಟ್ಟ ಕೂಡಲೇ ಪಟ್ಟಿ ಇಳಿಯತೊಡಗುತ್ತದೆ. ಮುಗಿದ ಮೇಲೆ ಮರುಪೂರಣದ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ನೀರು ಬಿಡುವ ದಿನವಾಗಿದ್ದರೆ ಹತ್ತಿರದ ತೂಬಿನ ಬಳಿಯೇ ಪಂಪು ಇಳಿಸಬಹುದು. ನಾಲೆ ಒಣಗಿದ ದಿನವಾಗಿದ್ದರೆ ಯಾರ ಕೊಳವೆಬಾವಿಯಲ್ಲಿ ನೀರಿದೆ, ಆ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಇದೆಯೇ, ಅಷ್ಟು ಭಾರದ ವಾಹನ ಗದ್ದೆಯ ಕಾಲುದಾರಿಯಲ್ಲಿ ಹೂತುಕೊಳ್ಳದೆ ಅಲ್ಲಿಗೆ ತಲುಪೀತೇ? ಒಂದೇ ಗದ್ದೆ, ಒಂದೇ ಬೆಂಕಿ. ನಾಲೆಯಲ್ಲಿ ನೀರಿರುವ ದಿನ ಮತ್ತು ಇಲ್ಲದ ದಿನ ಎಂಬ ಒಂದೇ ಒಂದು ಆಯ್ಕೆಯನ್ನು ಓದುಗರ ಕೈಗೆ ಕೊಟ್ಟು ನೋಡಿ. ಕೆಆರ್‌ಎಸ್ ನೀರಿನ ಮಟ್ಟಕ್ಕೂ ಅಗ್ನಿಶಾಮಕ ಠಾಣೆಗೂ ಇರುವ ಸಂಬಂಧವನ್ನು ಸಂಪಾದಕೀಯ ಬರೆದು ವಿವರಿಸಬೇಕಾಗಿಯೇ ಇರುವುದಿಲ್ಲ.

ಇಲ್ಲಿ ಒಂದು ಗೆರೆಯನ್ನು ಗಟ್ಟಿಯಾಗಿ ಎಳೆಯಬೇಕು. ಇದು ಆಟವಾಗಬಾರದು. ಅಂಕ, ಗೆಲುವು, ‘ನೀವು ಮೂರು ಎಕರೆ ಉಳಿಸಿದಿರಿ’ ಎಂಬ ಅಭಿನಂದನೆ ಯಾವುದೂ ಇರಬಾರದು. ಓದುಗರು ಆಯ್ಕೆ ಮಾಡಿದ ನಂತರ ಅಂಥದ್ದೇ ಸ್ಥಳದಲ್ಲಿ ನಿಂತಿದ್ದ ಠಾಣಾಧಿಕಾರಿಯೋ ಪ್ರಮುಖ ಅಗ್ನಿಶಾಮಕರೋ ತಮ್ಮದೇ ಧ್ವನಿಯಲ್ಲಿ ‘ನಾವು ಹೀಗೆ ಮಾಡಿದೆವು, ಕಾರಣ ಇದು’ ಎಂದು ಹೇಳಬೇಕು. ಆ ಗದ್ದೆಯ ರೈತನ ಮಾತೂ ಜೊತೆಗಿರಬೇಕು, ಅದು ದೂರಿನ ಮಾತಾಗಿದ್ದರೂ. ಸಿಬ್ಬಂದಿಯನ್ನು ದೇವರನ್ನಾಗಿಸುವ ವರದಿ ಅವರಿಗೆ ಉಪಕಾರ ಮಾಡುವುದಿಲ್ಲ. ದೇವರಿಗೆ ಹೊಸ ವಾಹನ ಬೇಕಿಲ್ಲ, ಖಾಲಿ ಹುದ್ದೆ ತುಂಬಬೇಕಿಲ್ಲ, ರಜೆ ಬೇಕಿಲ್ಲ ಎಂದು ವ್ಯವಸ್ಥೆ ಅಂದುಕೊಂಡುಬಿಡುತ್ತದೆ.

ದಾರಿ ಮತ್ತು ಗಡಿಯಾರ

ಅಗ್ನಿಶಾಮಕ ಸೇವೆಗಾಗಿ ಕೇಂದ್ರ ಮಟ್ಟದಲ್ಲಿರುವ ಸ್ಥಾಯಿ ಸಲಹಾ ಮಂಡಳಿಯ ಮಾನದಂಡದಂತೆ ನಗರಗಳಲ್ಲಿ ಕರೆ ಬಂದ 5ರಿಂದ 7 ನಿಮಿಷದಲ್ಲಿ, ಗ್ರಾಮೀಣ ಪ್ರದೇಶದಲ್ಲಿ 20 ನಿಮಿಷದಲ್ಲಿ ವಾಹನ ತಲುಪಬೇಕು. ಹಳ್ಳಿ ರಸ್ತೆಯಲ್ಲಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ವೇಗವೆಂದುಕೊಂಡರೆ 20 ನಿಮಿಷಕ್ಕೆ ಸಿಗುವ ದೂರ ಸುಮಾರು 13 ಕಿಲೋಮೀಟರ್. ಠಾಣೆಗಳು ಇರುವುದು ಸಾಮಾನ್ಯವಾಗಿ ತಾಲ್ಲೂಕು ಕೇಂದ್ರಗಳಲ್ಲಿ. ನಾಗಮಂಗಲ ಅಥವಾ ಮಳವಳ್ಳಿ ತಾಲ್ಲೂಕಿನ ಅಂಚಿನ ಹಳ್ಳಿಯವರು ತಮ್ಮ ಊರನ್ನು ನಕ್ಷೆಯಲ್ಲಿ ಒತ್ತಿದರೆ ಈ ಲೆಕ್ಕ ಅವರಿಗೆ ತಾನಾಗಿ ತಿಳಿಯಬೇಕು.

ಮೈಸೂರು ನಗರದಲ್ಲಿ ಸಮಸ್ಯೆ ದೂರದ್ದಲ್ಲ, ಅಗಲದ್ದು. ಸರಸ್ವತಿಪುರಂ, ಬನ್ನಿಮಂಟಪ, ಹೆಬ್ಬಾಳಗಳಲ್ಲಿ ಠಾಣೆಗಳಿವೆ. ನಕ್ಷೆಯ ಮೇಲೆ ಠಾಣೆಯ ಸುತ್ತ ಒಂದು ವೃತ್ತ ಎಳೆದು ‘ಇಷ್ಟು ಪ್ರದೇಶ ಸುರಕ್ಷಿತ’ ಎಂದು ಬಣ್ಣ ತುಂಬುವುದು ಸುಲಭ, ಎಷ್ಟೋ ವರದಿಗಳು ಮಾಡುವುದೂ ಅದನ್ನೇ. ವಾಹನ ಹಕ್ಕಿಯಂತೆ ಹಾರುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಅಂತರ್ಜಾಲ ನಕ್ಷೆಯ ರಸ್ತೆಗಳ ಮಾಹಿತಿಯನ್ನು ಇಟ್ಟುಕೊಂಡು, ನಿಜವಾದ ಬೀದಿಗಳ ಮೇಲೆ 5 ನಿಮಿಷಕ್ಕೆ ಎಲ್ಲಿಯವರೆಗೆ ಹೋಗಬಹುದು ಎಂದು ಲೆಕ್ಕ ಹಾಕುವ ಉಚಿತ ತಂತ್ರಾಂಶಗಳಿವೆ. ಅವುಗಳಿಂದ ಬರುವ ಆಕಾರ ವೃತ್ತವಾಗಿರುವುದಿಲ್ಲ. ಸಂತೆಪೇಟೆಯ ಸಗಟು ಅಂಗಡಿಗಳ ನಡುವೆ, ಮಂಡಿ ಮೊಹಲ್ಲಾದ ಓಣಿಗಳಲ್ಲಿ, ದೇವರಾಜ ಮಾರುಕಟ್ಟೆಯ ಸುತ್ತ ಅದು ಚೂರುಚೂರಾಗಿ ಒಳಗೆ ಸೇದಿಕೊಳ್ಳುತ್ತದೆ. ಹಗಲು ಹನ್ನೊಂದಕ್ಕೆ ಸರಕಿನ ಆಟೊಗಳು ನಿಂತಾಗ ಒಂದು ಆಕಾರ, ರಾತ್ರಿ ಎರಡಕ್ಕೆ ಇನ್ನೊಂದು. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದಾರಿ ಜನರಿಂದ ತುಂಬಿ ಊರು ಎರಡು ಹೋಳಾಗುತ್ತದೆ. ಆ ದಿನಕ್ಕೆಂದೇ ಪ್ರತ್ಯೇಕ ನಕ್ಷೆ ಬೇಕು, ಏಕೆಂದರೆ ಅಗ್ನಿಶಾಮಕ ದಳ ಅಂದು ವಾಹನಗಳನ್ನು ಮುಂಚಿತವಾಗಿ ಎಲ್ಲೆಲ್ಲಿ ನಿಲ್ಲಿಸಬೇಕೆಂದು ಯೋಚಿಸುವುದು ಇದೇ ಕಾರಣಕ್ಕೆ. ಓದುಗರು ಸಮಯದ ಗುಂಡಿಯನ್ನು ಸರಿಸಿದಂತೆ ಆಕಾರ ಬದಲಾಗಬೇಕು.

ಆ ನಿಮಿಷಗಳಿಗೆ ಏನು ಬೆಲೆ ಎಂಬುದಕ್ಕೂ ಒಂದು ಅಳತೆಗೋಲಿದೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಒಂದೇ ಅಳತೆಯ ಎರಡು ಕೋಣೆಗಳಿಗೆ ಬೆಂಕಿಯಿಟ್ಟು ಪರೀಕ್ಷಿಸಿತು. ಹಳೆಯ ಕಾಲದ ಮರ, ಹತ್ತಿಯ ಪೀಠೋಪಕರಣಗಳಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು 29 ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಇಂದಿನ ಫೋಮ್ ಸೋಫಾ, ಕೃತಕ ನೂಲಿನ ಪರದೆಗಳಿದ್ದ ಕೋಣೆ 4 ನಿಮಿಷದೊಳಗೇ ಜ್ವಾಲೆಗೆ ಆಹುತಿಯಾಯಿತು. ಅಂದರೆ ಮಾನದಂಡದಂತೆ 5 ನಿಮಿಷಕ್ಕೆ ಬಂದರೂ ಕುವೆಂಪುನಗರದ ಹೊಸ ಅಪಾರ್ಟ್‌ಮೆಂಟಿನ ಹಾಲ್ ಅಷ್ಟರಲ್ಲಿ ಮುಗಿದಿರಬಹುದು. ಓದುಗರಿಗೆ ಇದನ್ನು ಅಂಕಿಯಾಗಿ ಹೇಳುವುದರ ಜೊತೆಗೆ, ಪುಟ ತೆರೆದ ಕ್ಷಣದಿಂದ ಒಂದು ಸಣ್ಣ ಗಡಿಯಾರವನ್ನು ಮೂಲೆಯಲ್ಲಿ ಓಡಲು ಬಿಡಬಹುದು. ಈ ಭಾಗಕ್ಕೆ ಬರುವಷ್ಟರಲ್ಲಿ ನಾಲ್ಕು ನಿಮಿಷ ದಾಟಿದ್ದರೆ, ನೀವು ಓದುತ್ತಿದ್ದಷ್ಟು ಹೊತ್ತಿನಲ್ಲಿ ಏನಾಗುತ್ತಿತ್ತು ಎಂದು ಹೇಳಿದರೆ ಸಾಕು. ಅಲ್ಲಿ ಜ್ವಾಲೆಯ ಚಿತ್ರ ಬೇಕಿಲ್ಲ.

ಅಂಕಿಅಂಶ ಎಲ್ಲಿಂದ ತರುವುದು? ಕರೆ ಬಂದ ವೇಳೆ, ವಾಹನ ಹೊರಟ ವೇಳೆ, ತಲುಪಿದ ವೇಳೆ, ಹಿಂತಿರುಗಿದ ವೇಳೆ ಠಾಣೆಯಲ್ಲಿ ದಾಖಲಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಸಂತ್ರಸ್ತರ ಹೆಸರು, ಮನೆಯ ಸಂಖ್ಯೆ ಬೇಡವೆಂದು ಅರ್ಜಿಯಲ್ಲೇ ಬರೆಯುವುದು ಒಳ್ಳೆಯದು. ನಮಗೆ ಬೇಕಿರುವುದು ವೇಳೆ ಮತ್ತು ಪ್ರದೇಶ ಮಾತ್ರ. ಉಪಗ್ರಹದ ಮಾಹಿತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಾಸಾ ಸಂಸ್ಥೆ ಬೆಂಕಿಯ ಬಿಂದುಗಳ ನಕ್ಷೆಯನ್ನು ಉಚಿತವಾಗಿ ಕೊಡುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಅಂಥ ನಕ್ಷೆಗಳು ಬಹಳ ಉಪಯೋಗಕ್ಕೆ ಬರುವಂಥವು. ಆದರೆ ಅದರ ಒಂದು ಬಿಂದು 375 ಮೀಟರ್ ಚೌಕದ್ದು, ಸುಮಾರು 35 ಎಕರೆ. ಎರಡು ಎಕರೆ ಕಬ್ಬು ಉರಿದರೆ ಅದು ಒಂದೋ 35 ಎಕರೆಯ ಚುಕ್ಕೆಯಾಗಿ ಕಾಣುತ್ತದೆ, ಇಲ್ಲವೇ ಉಪಗ್ರಹ ಹಾದುಹೋಗುವ ವೇಳೆಗೆ ಆರಿಹೋಗಿ ಕಾಣುವುದೇ ಇಲ್ಲ. ಮಂಡ್ಯದ ಗದ್ದೆಗಳಿಗೆ ಈ ನಕ್ಷೆಯನ್ನು ಹಾಗೆಯೇ ಹಚ್ಚಿದರೆ ತಪ್ಪು ಕಥೆ ಹೇಳಿದಂತಾಗುತ್ತದೆ.

ಸಾವು ಇರುವ ಕಡೆ

ಮೈಸೂರಿನ ನೆನಪಿನಲ್ಲಿ ಬೆಂಕಿಗೆ ದೊಡ್ಡ ಜಾಗವಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಇಂದಿನ ಅರಮನೆ 1912ರಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳಲ್ಲಿ ಎದ್ದು ನಿಂತಿತು. ಈ ಕಥೆಯನ್ನು ಪರದೆಯ ಮೇಲೆ ಧಾರಾಳವಾಗಿ ಬಿಡಿಸಿ ತೋರಿಸಬಹುದು.

1989ರ ಫೆಬ್ರುವರಿ 8ರ ಕಥೆ ಹಾಗಲ್ಲ. ಅಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿಪ್ಪು ಸುಲ್ತಾನನ ಕುರಿತ ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿ 62 ಜನ ಸತ್ತರು. ಅವರ ಮನೆಯವರು, ಬದುಕುಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಕೋಣೆಯನ್ನು ಮೂರು ಆಯಾಮದಲ್ಲಿ ಮರುಸೃಷ್ಟಿಸಿ ಓದುಗರನ್ನು ಅದರೊಳಗೆ ‘ನಡೆಸುವುದು’ ಇಂದಿನ ತಂತ್ರಜ್ಞಾನಕ್ಕೆ ಕಷ್ಟವಲ್ಲ. ಮಾಡಬಾರದು ಎಂದೇ ನಾನು ಹೇಳುತ್ತೇನೆ. ಇನ್ನೊಬ್ಬರ ಕೊನೆಯ ನಿಮಿಷಗಳನ್ನು ಅನುಭವದ ವಸ್ತುವಾಗಿಸುವ ಹಕ್ಕು ಪತ್ರಕರ್ತರಿಗಿಲ್ಲ. ಸದ್ದು ಪ್ರತಿಧ್ವನಿಸದಿರಲೆಂದು ಗೋಡೆಗಳಿಗೆ ಗೋಣಿ ಹೊದಿಸಿದ್ದುದು, ಗಾಳಿಕಿಂಡಿಗಳಿಲ್ಲದ್ದು ಆಗಲೇ ಚರ್ಚೆಗೆ ಬಂದಿದ್ದವು. ಗೋಡೆಗೆ ಏನು ಹೊದಿಸಿದೆ, ಬಾಗಿಲು ಎಷ್ಟಿವೆ, ಅವು ಯಾವ ಕಡೆಗೆ ತೆರೆಯುತ್ತವೆ ಎಂಬ ಪ್ರಶ್ನೆಗಳನ್ನು ಓದುಗರು ತಾವು ನಿತ್ಯ ಹೋಗುವ ಕಲ್ಯಾಣ ಮಂಟಪಕ್ಕೆ, ಮಕ್ಕಳ ಕೋಚಿಂಗ್ ತರಗತಿಗೆ ಕೇಳಿಕೊಳ್ಳುವಂತೆ ಮಾಡಿದರೆ ಆ 62 ಜನರ ನೆನಪಿಗೆ ಮರ್ಯಾದೆ ಸಂದಂತೆ.

ಮಂಡ್ಯದ ಸಿಬ್ಬಂದಿಗೆ ಬೆಂಕಿಯಷ್ಟೇ ನೀರೂ ಕೆಲಸ ಕೊಡುತ್ತದೆ. ಇಲಾಖೆಯ ಹೆಸರಿನಲ್ಲೇ ತುರ್ತು ಸೇವೆಗಳೂ ಸೇರಿವೆ. ಬಾವಿಗೆ ಬಿದ್ದವರು, ನಾಲೆಗೆ ಉರುಳಿದ ಕಾರುಗಳು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಜ್ಜುಗುಜ್ಜಾದ ವಾಹನದೊಳಗೆ ಸಿಕ್ಕಿಕೊಂಡವರು, ಎಲ್ಲದಕ್ಕೂ ಇವರನ್ನೇ ಕರೆಯುವುದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥ ದಿನ ನೀರಿನಿಂದ ಮಗುವೊಂದನ್ನು ಎತ್ತಿಕೊಂಡು ಬಂದ ಮನುಷ್ಯ ಆ ಸಂಜೆ ತನ್ನ ಮಕ್ಕಳಿರುವ ಮನೆಗೆ ಹೋಗಬೇಕು. ಇದನ್ನು ಹೇಳಲು ಛಾಯಾಚಿತ್ರ ಬೇಡ, ಮಸುಕು ಮಾಡಿದ್ದೂ ಬೇಡ. ಧ್ವನಿ ಸಾಕು.

ಧ್ವನಿಯ ಬಗ್ಗೆ ಮೈಸೂರಿಗೆ ಯಾರೂ ಪಾಠ ಹೇಳಬೇಕಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ ಊರಿದು. ಠಾಣೆಯ ಕರೆಗಂಟೆ, ವಾಹನದ ಬಾಗಿಲು ಬಡಿಯುವ ಸದ್ದು, ಹೋಸ್ ಪೈಪನ್ನು ನೆಲದ ಮೇಲೆ ಬಿಚ್ಚುವಾಗಿನ ಸರಸರ ಸದ್ದು, ಹೊಗೆಯೊಳಗೆ ಹೋಗುವಾಗ ಬೆನ್ನಿಗೆ ಕಟ್ಟುವ, ಉಸಿರಾಟಕ್ಕೆ ಗಾಳಿ ಒದಗಿಸುವ ಬಿ.ಎ. ಸೆಟ್‌ನಲ್ಲಿ ಗಾಳಿ ಕಡಿಮೆಯಾದಾಗ ಕೂಗುವ ಸೀಟಿ, ಎಲ್ಲವನ್ನೂ ಠಾಣೆಯ ಅಭ್ಯಾಸದ ವೇಳೆಯಲ್ಲೇ ದಾಖಲಿಸಿಕೊಳ್ಳಬಹುದು. ಆ ಸೀಟಿ ಕೂಗಿದಾಗ ಒಳಗೆ ಯಾರಾದರೂ ಉಳಿದಿರಬಹುದೆಂಬ ಅನುಮಾನವಿದ್ದರೂ ಹಿಂದಿರುಗಲೇಬೇಕು. ಓದುಗರು ಸೀಟಿಯನ್ನು ಕೇಳಲಿ, ಆಮೇಲೆ ಹಾಗೆ ಹಿಂದಿರುಗಿದವರ ಮಾತನ್ನು ಕೇಳಲಿ.

ಆದರೆ ಇಂಥ ಮಾತನ್ನು ಪಡೆಯುವ ಬಗೆಯಲ್ಲೇ ವರದಿಯ ಮಾನ ನಿಂತಿದೆ. ಸರ್ಕಾರಿ ನೌಕರರ ನಡತೆ ನಿಯಮಗಳು ಅನುಮತಿಯಿಲ್ಲದೆ ಮಾಧ್ಯಮದೊಂದಿಗೆ ಮಾತನಾಡುವುದಕ್ಕೆ ಕಡಿವಾಣ ಹಾಕುತ್ತವೆ. ಹಾಗಾಗಿ ಜಿಲ್ಲಾ ಅಗ್ನಿಶಾಮಕ ಅಧಿಕಾರಿಯವರಿಂದ ಲಿಖಿತ ಅನುಮತಿ ಪಡೆಯುವುದು ಮೊದಲ ಕೆಲಸ. ಅನುಮತಿ ಸಿಕ್ಕಿತೆಂದು ಪಾಳಿಯಲ್ಲಿರುವ ಎಲ್ಲರೂ ಮಾತನಾಡಬೇಕೆಂದಿಲ್ಲ. ಮೇಲಧಿಕಾರಿ ಹೇಳಿದರೆಂದು ಒಲ್ಲದ ಮನಸ್ಸಿನಿಂದ ಮೈಕಿನ ಮುಂದೆ ಕೂತವರ ಮುಖ ನೋಡಿದರೇ ಗೊತ್ತಾಗುತ್ತದೆ. ಅಂಥವರನ್ನು ಬಿಟ್ಟುಬಿಡಬೇಕು. ಹೆಸರು ಬದಲಿಸಿದರೆ ಗುರುತು ಮರೆಯಾಗುತ್ತದೆಂಬ ನಂಬಿಕೆಯೂ ಸಣ್ಣ ಠಾಣೆಗಳಲ್ಲಿ ಕೆಲಸಕ್ಕೆ ಬಾರದು. ಒಂದು ವಾಹನದಲ್ಲಿ ಹೋಗುವವರು ಬೆರಳೆಣಿಕೆಯ ಜನ. ಧ್ವನಿ ಕೇಳಿದ ಕೂಡಲೇ ಇಡೀ ತಾಲ್ಲೂಕು ಗುರುತಿಸುತ್ತದೆ. ಪ್ರಕಟಣೆಗೆ ಮುಂಚೆ ಅವರವರ ಧ್ವನಿಯ ತುಣುಕನ್ನು ಅವರಿಗೇ ಕೇಳಿಸಿ ಒಪ್ಪಿಗೆ ಪಡೆಯಬೇಕು, ಬೇಡವೆಂದರೆ ತೆಗೆಯಬೇಕು. ನೋವಿನ ಭಾಗಗಳ ಪಕ್ಕದಲ್ಲಿ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಇರಬೇಕು. ಓದುಗರಲ್ಲೂ ಮನೆಯವರನ್ನು ಹೀಗೆ ಕಳೆದುಕೊಂಡವರಿರುತ್ತಾರೆ.

ಕುಟುಂಬದವರನ್ನು ಮರೆಯುವ ವರದಿ ಬದುಕಿನ ವರದಿಯಲ್ಲ. ಠಾಣೆಯ ಪಕ್ಕದ ವಸತಿಗೃಹಗಳಲ್ಲಿರುವ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಆ ಗಂಟೆಯ ಸದ್ದಿನೊಂದಿಗೇ ದಿನ ಕಳೆಯುತ್ತಾರೆ. ಮಸಿ ಹಿಡಿದ ಸಮವಸ್ತ್ರ ಮನೆಗೆ ಬರುತ್ತದೆ, ಮನೆಯಲ್ಲೇ ಒಗೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನ ಹೊಗೆ, ಕಲ್ನಾರು (ಆಸ್ಬೆಸ್ಟಾಸ್) ಇರುವ ಗುಂಪದು. ಬೆಂಕಿ ಆರಿದ ಮೇಲೆ ಹೊಗೆಯಾಡುವ ಅವಶೇಷವನ್ನು ಕೆದಕಿ ನೋಡುವ ಹೊತ್ತಿನಲ್ಲಿ ಮುಖವಾಡ ತೆಗೆದಿರುತ್ತಾರೆ, ವಿಷ ಒಳಹೋಗುವುದು ಆಗಲೂ ನಿಲ್ಲುವುದಿಲ್ಲ. ಪರದೆಯ ಮೇಲೆ ಒಂದು ಸಮವಸ್ತ್ರವನ್ನಿಟ್ಟು, ಅದು ಠಾಣೆಯಿಂದ ಹೊಗೆಗೆ, ಹೊಗೆಯಿಂದ ವಾಹನಕ್ಕೆ, ವಾಹನದಿಂದ ಮನೆಯ ಬಕೆಟ್ಟಿಗೆ ಹೋಗುವ ದಾರಿಯನ್ನು ಓದುಗರು ತಾವೇ ಹಿಂಬಾಲಿಸಲಿ. ಎರಡನೆಯ ಜೊತೆ ಸಮವಸ್ತ್ರ ಯಾಕೆ ಬೇಕು, ಠಾಣೆಯಲ್ಲೇ ಒಗೆಯುವ ಯಂತ್ರ ಯಾಕೆ ಬೇಕು ಎಂಬುದು ಆಗ ಬಜೆಟ್ ಪಟ್ಟಿಯ ನೀರಸ ಸಾಲಾಗಿ ಉಳಿಯುವುದಿಲ್ಲ. ಅಗ್ನಿಶಾಮಕ ಸೇವೆಗಳ ಆಧುನೀಕರಣಕ್ಕೆ ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿದೆ. ಹಣ ವಾಹನ, ಕಟ್ಟಡಗಳಿಗಷ್ಟೇ ಹೋಯಿತೋ, ಈ ಬಕೆಟ್ಟಿನವರೆಗೂ ಬಂತೋ ಎಂದು ಕೇಳುವ ಹಕ್ಕು ಓದುಗರಿಗಿದೆ.

ಕನ್ನಡದ ಪರದೆ

ತಂತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಈ ವರದಿಯನ್ನು ಓದುವವರು ಮದ್ದೂರಿನ ಬಸ್ ನಿಲ್ದಾಣದಲ್ಲಿ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ, ಬಿಸಿಲಿನಲ್ಲಿ ಪರದೆಯನ್ನು ಕೈಯಿಂದ ಮರೆಮಾಡಿಕೊಂಡು ಓದುತ್ತಾರೆ. ಕಚೇರಿಯ ದೊಡ್ಡ ಪರದೆಯ ಮೇಲೆ ಚೆಂದ ಕಂಡದ್ದು ಅಲ್ಲಿ ಬಿಚ್ಚಿಕೊಳ್ಳುವುದೇ ಇಲ್ಲ. ಮೊದಲು ಬರಹ ತೆರೆದುಕೊಳ್ಳಬೇಕು. ನಕ್ಷೆ, ಧ್ವನಿ ಆಮೇಲೆ, ಓದುಗರು ಕೇಳಿದಾಗ. ಧ್ವನಿ ತಾನಾಗಿ ಶುರುವಾಗಬಾರದು, ಪ್ರತಿ ಧ್ವನಿಗೂ ಬರಹ ರೂಪ ಇರಬೇಕು. ಪುಟದ ಚಲನೆ ಕಂಡರೆ ತಲೆ ಸುತ್ತುವವರು ಫೋನಿನಲ್ಲೇ ಅದನ್ನು ಕಡಿಮೆ ಮಾಡುವ ಸೌಲಭ್ಯ ಆರಿಸಿಕೊಂಡಿರುತ್ತಾರೆ, ಪುಟ ಅದನ್ನು ಗೌರವಿಸಬೇಕು. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸಕ್ಕೆ ಕನ್ನಡ ಸುರಿದರೆ ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ನಕ್ಷೆಯ ಮೇಲಿನ ಊರಿನ ಹೆಸರುಗಳಲ್ಲಿ ಅಕ್ಷರ ಒಡೆದು ಬೀಳುತ್ತವೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಯುನಿಕೋಡ್‌ಗೆ ಬಾರದಿದ್ದರೆ ಹುಡುಕಿದರೆ ಸಿಗುವುದಿಲ್ಲ, ದೃಷ್ಟಿಹೀನರ ಫೋನು ಅದನ್ನು ಓದುವುದಿಲ್ಲ. ಅಡೋಬಿ ಕಂಪನಿ 2020ರ ಕೊನೆಯಲ್ಲಿ, ಜಾಲಪುಟಗಳಲ್ಲಿ ಚಲನೆ ತೋರಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶವನ್ನು ನಿಲ್ಲಿಸಿದಾಗ ಜಗತ್ತಿನ ಎಷ್ಟೋ ಇಂಟರ್‌ಆ್ಯಕ್ಟಿವ್ ವರದಿಗಳು ತೆರೆಯದಂತಾದವು. ಹಾಗಾಗಿ ಧ್ವನಿಗಳ ಮೂಲ ಕಡತ, ನಕ್ಷೆಯ ಅಂಕಿಅಂಶ, ಬರಹದ ಸರಳ ಪ್ರತಿ ಬೇರೆಯಾಗಿ ಒಂದು ಗ್ರಂಥಾಲಯದಲ್ಲಿ ಉಳಿಯಬೇಕು.

ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದು ನನಗೆ ಅನ್ನಿಸುವುದಿಲ್ಲ. ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ವಿಭಾಗವಿದೆ, ಎರಡೂ ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ‘ಆಂದೋಲನ’ದಂತಹ ಸ್ಥಳೀಯ ಪತ್ರಿಕೆಗಳಿಗೆ ಹಳ್ಳಿಹಳ್ಳಿಯ ಪರಿಚಯವಿದೆ. ಒಂದು ತಾಲ್ಲೂಕು ಠಾಣೆಯನ್ನು ಆರಿಸಿಕೊಂಡು, ಬೇಸಿಗೆಯ ಒಂದು ಋತು ಪೂರ್ತಿ ಅಲ್ಲಿ ಹೋಗಿ ಕೂತರೆ ಬೇಕಾದುದೆಲ್ಲ ಸಿಗುತ್ತದೆ. ಕರೆ ಬಾರದ ದೀರ್ಘ ಮಧ್ಯಾಹ್ನಗಳೂ ಸಿಗುತ್ತವೆ. ಪಂಪಿಗೆ ಎಣ್ಣೆ ಹಾಕುವುದು, ಹೋಸ್ ಒಣಗಿಸುವುದು, ಟ್ಯಾಂಕು ತುಂಬಿಸಿಡುವುದು, ಊಟದ ಡಬ್ಬಿ ತೆರೆದು ಮುಚ್ಚುವುದು, ಆ ಕಾಯುವಿಕೆಯೂ ವರದಿಯಲ್ಲಿ ತನ್ನ ಪಾಲು ಕೇಳುತ್ತದೆ.

ಪುಟದ ಕೊನೆಯಲ್ಲಿ ಓದುಗರಿಗೆ ಸಾಮಾನ್ಯವಾಗಿ ಬಿಡುವುದು ಅಭಿಪ್ರಾಯದ ಖಾನೆ. ಅದರ ಬದಲು ಒಂದು ನಕ್ಷೆಯನ್ನು ಬಿಡಬೇಕೆಂಬುದು ನನ್ನ ಸಲಹೆ. ನಿಮ್ಮ ಊರಿನಲ್ಲಿ ಏಪ್ರಿಲ್ ತಿಂಗಳಲ್ಲೂ ನೀರು ನಿಲ್ಲುವ ಕೆರೆ, ಕಟ್ಟೆ, ತೊಟ್ಟಿ ಎಲ್ಲಿದೆ? ಲಾರಿ ಹೋಗುವ ದಾರಿ ಅಲ್ಲಿಯವರೆಗೆ ಇದೆಯೇ? ಬೀಗವಿದ್ದರೆ ಕೀಲಿ ಯಾರ ಬಳಿ ಇರುತ್ತದೆ? ಬಂದ ಉತ್ತರಗಳನ್ನು ಹಾಗೆಯೇ ಪ್ರಕಟಿಸಬಾರದು. ವರದಿಗಾರರು ಗ್ರಾಮ ಪಂಚಾಯಿತಿಯವರೊಂದಿಗೆ ಒಂದೊಂದನ್ನೂ ಹೋಗಿ ನೋಡಿ, ಆಳ ಅಳೆದು, ದಿನಾಂಕ ಬರೆದು, ಕೀಲಿ ಇಟ್ಟುಕೊಂಡವರ ಫೋನ್ ಸಂಖ್ಯೆಯನ್ನು ಪುಟದ ಮೇಲೆ ಹಾಕದೆ ಪಟ್ಟಿಯನ್ನು ಠಾಣೆಗೆ ಕೊಡಬೇಕು. ಮಳೆಗಾಲ ಮುಗಿದ ಮೇಲೊಮ್ಮೆ, ಮಾರ್ಚ್ ಶುರುವಿಗೊಮ್ಮೆ ಅದನ್ನು ಮತ್ತೆ ಪರಿಶೀಲಿಸಬೇಕು. ಹೂಳು ತುಂಬಿದ ಕಟ್ಟೆಯನ್ನು ಅಳಿಸಿ, ಹೊಸದಾಗಿ ತೋಡಿದ ಕೃಷಿ ಹೊಂಡವನ್ನು ಸೇರಿಸಬೇಕು.